‘ಕೆಮ್ಮರ್’ ಎಂಬುದಕ್ಕೆ ಕನ್ನಡದ ಮಾತು: ಬೆದೆಯೋ, ಋತುವೋ, ಹದವೋ?

ಮಾನ್ಯರೇ,

ಅರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಕಾದಂಬರಿಯ ಏಳನೆಯ ಅಧ್ಯಾಯವನ್ನು ನಮ್ಮ ಓದುಗರ ಗುಂಪಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಗೆಥೆನ್ ಎಂಬ ಹಿಮಗ್ರಹದ ಮನುಷ್ಯರ ದೇಹಧರ್ಮವನ್ನು ಹೊರಗಿನಿಂದ ಬಂದ ವೀಕ್ಷಕಿಯೊಬ್ಬಳು ವಿವರಿಸುವ ವರದಿಯ ರೂಪದಲ್ಲಿ ಈ ಅಧ್ಯಾಯವಿದೆ. ಕಥೆಯ ಭಾಗಗಳನ್ನು ಅನುವಾದಿಸುವಾಗ ಬಾರದ ತೊಡಕು ಇಲ್ಲಿ ಬಂದಿದೆ. ಒಂದೆರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಆದರೆ ಆ ದೇಹದ ರೀತಿಯನ್ನು ತಿಳಿಸದೆ ಪದವನ್ನು ಕೇಳುವಂತಿಲ್ಲ.

ಗೆಥೆನ್ನಿನವರು ನೋಡುವುದಕ್ಕೆ ನಮ್ಮಂಥವರೇ. ಆದರೆ 26ರಿಂದ 28 ದಿನಗಳ ಒಂದು ಚಕ್ರದಲ್ಲಿ 21 ಅಥವಾ 22 ದಿನ ಅವರು ಗಂಡೂ ಅಲ್ಲ, ಹೆಣ್ಣೂ ಅಲ್ಲ; ಕಾಮವೇ ಅವರನ್ನು ಮುಟ್ಟುವುದಿಲ್ಲ. ಈ ಅವಧಿಗೆ ಅವರ ಭಾಷೆಯಲ್ಲಿ ‘ಸೋಮರ್’ ಎಂದು ಹೆಸರು. ಸುಮಾರು ಹದಿನೆಂಟನೆಯ ದಿನ ಪಿಟ್ಯುಟರಿ ಗ್ರಂಥಿಯ ಹಿಡಿತದಲ್ಲಿ ಹಾರ್ಮೋನುಗಳು ಏರಲು ತೊಡಗಿ, ಇಪ್ಪತ್ತೆರಡು ಇಪ್ಪತ್ತಮೂರನೆಯ ದಿನಕ್ಕೆ ‘ಕೆಮ್ಮರ್’ ಬರುತ್ತದೆ. ಆಗಲೂ ಒಬ್ಬರೇ ಇದ್ದರೆ ದೇಹ ಯಾವ ಕಡೆಗೂ ವಾಲುವುದಿಲ್ಲ. ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬರ ಸಮೀಪ ದೊರೆತಾಗ ಮಾತ್ರ ಇಬ್ಬರಲ್ಲಿ ಒಬ್ಬರು ಹೆಣ್ಣಾಗಿ ಇನ್ನೊಬ್ಬರು ಗಂಡಾಗಿ ರೂಪುಗೊಳ್ಳುತ್ತಾರೆ. ಯಾರು ಏನಾಗುವರೆಂಬುದು ಮೊದಲೇ ಗೊತ್ತಿರುವುದಿಲ್ಲ. ಎರಡರಿಂದ ಐದು ದಿನದ ಈ ಉತ್ಕಟ ಘಟ್ಟ ಮುಗಿದ ಕೆಲವೇ ಗಂಟೆಗಳಲ್ಲಿ ದೇಹ ಮತ್ತೆ ಸೋಮರಿಗೆ ಮರಳುತ್ತದೆ. ಹೆಣ್ಣಾಗಿದ್ದವರಿಗೆ ಗರ್ಭ ನಿಂತರೆ ಮಾತ್ರ ಬಸಿರಿನ ಎಂಟು ಚಿಲ್ಲರೆ ತಿಂಗಳೂ ಹಾಲೂಡುವ ಆರರಿಂದ ಎಂಟು ತಿಂಗಳೂ ಅವರು ಹೆಣ್ಣಾಗಿಯೇ ಉಳಿಯುತ್ತಾರೆ. ಹೀಗಾಗಿ ಮೂರು ಮಕ್ಕಳನ್ನು ಹೆತ್ತವರು ಬೇರೆ ಇಬ್ಬರು ಮಕ್ಕಳಿಗೆ ತಂದೆಯೂ ಆಗಿರಬಹುದು.

ಮೊದಲು ಮೂಲದ ಪದಗಳನ್ನು ಹಾಗೆಯೇ ಉಳಿಸಿಕೊಳ್ಳೋಣವೆಂದುಕೊಂಡೆ. ಲೇಖಕಿ ಕಟ್ಟಿದ ಪದಗಳಾದ್ದರಿಂದ ಅವು ಇಂಗ್ಲಿಷ್ ಓದುಗರಿಗೂ ಪರಕೀಯವೇ ಅಲ್ಲವೇ ಎಂಬುದು ನನ್ನ ತರ್ಕವಾಗಿತ್ತು. ಕರಡನ್ನು ಗಟ್ಟಿಯಾಗಿ ಓದಿದಾಗ ಅದು ನಿಲ್ಲಲಿಲ್ಲ. ‘ಕೆಮ್ಮರಿಗೆ ಬಂದರು’ ಎಂದೊಡನೆ ಕನ್ನಡದ ಕಿವಿಗೆ ಕೇಳುವುದು ಕೆಮ್ಮು. ‘ಸೋಮರಿನಲ್ಲಿದ್ದರು’ ಎಂದರೆ ಸೋಮಾರಿತನ. ಮೊದಲನೆಯದು ಆ ಜನರ ಬದುಕಿನ ಅತ್ಯಂತ ಆಪ್ತವಾದ ಗಳಿಗೆಯನ್ನು ರೋಗವಾಗಿಸಿದರೆ, ಎರಡನೆಯದು ಅವರು ಉತ್ತು ಬಿತ್ತಿ ರಾಜ್ಯಭಾರ ಮಾಡುವ ದಿನಗಳನ್ನೇ ಆಲಸ್ಯವಾಗಿಸುತ್ತದೆ. ಲಿಪ್ಯಂತರವನ್ನು ನಾವು ನಿರಪಾಯವೆಂದು ತಿಳಿಯುತ್ತೇವೆ. ಇಲ್ಲಿ ಅದೇ ಎಲ್ಲಕ್ಕಿಂತ ಹೆಚ್ಚು ಅರ್ಥ ಕೆಡಿಸುವ ದಾರಿಯೆಂದು ನನಗೆ ತೋರಿತು.

ಕನ್ನಡದಲ್ಲಿ ಇದಕ್ಕೆ ಕೈಗೆ ಮೊದಲು ಸಿಗುವ ಪದ ‘ಬೆದೆ’. ನಾನು ಹುಡುಗನಾಗಿದ್ದಾಗ ನಮ್ಮ ಅಜ್ಜಿ ನಸುಕಿನಲ್ಲಿ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿ, ಹಸುವಿನ ಬಾಲದ ಬುಡದಲ್ಲಿ ಅಂಟಿಕೊಂಡ ಲೋಳೆಯನ್ನು ಲಾಟೀನು ಎತ್ತಿ ನೋಡಿ, “ಕೆಂದಿ ಬೆದೆಗೆ ಬಂದೈತೆ, ಡಾಕ್ಟರಿಗೆ ಹೇಳ್ಕಳ್ಸು” ಎಂದು ಒಳಗಿದ್ದ ಅಪ್ಪನಿಗೆ ಕೂಗಿ ಹೇಳುತ್ತಿದ್ದರು. ಮಕ್ಕಳಾದ ನಾವು ಅಲ್ಲೇ ನಿಂತಿರುತ್ತಿದ್ದೆವು; ಅವರು ದನಿ ತಗ್ಗಿಸುತ್ತಿರಲಿಲ್ಲ, ನಮ್ಮನ್ನು ಆಚೆಗೆ ಕಳುಹಿಸುತ್ತಲೂ ಇರಲಿಲ್ಲ. ಬೆದೆ ಎಂಬುದು ಅವರಿಗೆ ಹಾಲು, ಕರು, ಮುಂದಿನ ವರ್ಷದ ಲೆಕ್ಕ. ಗೆಥೆನ್ನಿನವರು ಕೆಮ್ಮರಿನ ವಿಷಯವನ್ನು ಆಡುವುದೂ ಇಂಥದ್ದೇ ನಿರಾಳತೆಯಲ್ಲಿ: ಕೆಮ್ಮರಿಗೆ ಬಂದವರಿಗೆ ಆ ದಿನಗಳಲ್ಲಿ ಕೆಲಸದಿಂದ ಬಿಡುವುಂಟು, ಸೇರುವುದಕ್ಕೆ ಊರೂರಿನಲ್ಲಿ ಮನೆಗಳುಂಟು. ಹಸುವಿನ ಬೆದೆಚಕ್ರ ಸಾಮಾನ್ಯವಾಗಿ 21 ದಿನಗಳದ್ದಾದ್ದರಿಂದ, ತಪ್ಪದೆ ಮರಳಿ ಬರುವುದೆಂಬ ಅರ್ಥವೂ ಆ ಪದದೊಳಗೆ ಇದೆ. ಇನ್ನೊಂದು ಅನುಕೂಲವನ್ನು ಹೇಳಬೇಕು. ಎಮ್ಮೆಗಳಲ್ಲಿ ಹೊರಗೆ ಲಕ್ಷಣ ಕಾಣದೆ ಬರುವ ಬೆದೆಯನ್ನು ‘ಮೂಕ ಬೆದೆ’ ಎನ್ನುತ್ತಾರೆ. ಕೆಮ್ಮರಿನ ಮೊದಲ ಘಟ್ಟದಲ್ಲಿ ದೇಹ ಒಳಗೆ ಸಿದ್ಧವಾಗಿದ್ದರೂ ಹೊರಗೆ ಇನ್ನೂ ಗಂಡು ಹೆಣ್ಣಿನ ಗುರುತು ಮೂಡಿರುವುದಿಲ್ಲ. ಅದಕ್ಕೆ ಹತ್ತಿರದ ಮಾತು ನಮ್ಮ ಪಶುಪಾಲಕರ ಬಾಯಲ್ಲಿ ಸಿದ್ಧವಾಗಿಯೇ ಇದೆ.

ಆದರೆ ಕೊಟ್ಟಿಗೆಯಿಂದ ಆಚೆಗೆ ಬಂದು ಮನುಷ್ಯರ ವಿಷಯದಲ್ಲಿ ಆಡಿದಾಗ ಇದೇ ಮಾತು ಬೈಗುಳವಾಗುತ್ತದೆ, ಅದರಲ್ಲೂ ಹೆಂಗಸರ ಮೇಲೆ ಎಸೆಯುವ ಬೈಗುಳ. ಈ ದೋಷವನ್ನು ಸಣ್ಣದೆಂದು ಬದಿಗೆ ಸರಿಸಲಾರೆ. ಕಾದಂಬರಿಯಲ್ಲಿಯೇ ಇದರ ಪ್ರತಿಬಿಂಬವಿದೆ: ಗೆಥೆನ್ನಿನ ವಯಸ್ಕರಲ್ಲಿ ನೂರಕ್ಕೆ ಮೂರು ನಾಲ್ಕು ಜನ ಸದಾ ಕೆಮ್ಮರಿನಲ್ಲಿಯೇ ಇರುವವರು, ಅವರನ್ನು ಸಮಾಜ ವಿಕೃತರೆಂದು ಕರೆದು ಸಹಿಸಿಕೊಳ್ಳುತ್ತದೆ, ಭೂಮಿಯಿಂದ ಹೋದ ದೂತನೂ ಅವರ ಕಣ್ಣಿಗೆ ಅಂಥವನಾಗಿಯೇ ಕಾಣುತ್ತಾನೆ. ಆ ಗ್ರಹದಲ್ಲಿ ಹೀನಾಯವಾದದ್ದು ಎಡೆಬಿಡದ ಕೆಮ್ಮರು, ಕೆಮ್ಮರಲ್ಲ. ಕನ್ನಡದಲ್ಲಿ ‘ಬೆದೆ’ ಎಂದರೆ ಆ ಹೀನಾಯವೆಲ್ಲ ಸಹಜವಾದದ್ದರ ಮೇಲೆ ಬೀಳುತ್ತದೆ, ಅವರ ನೀತಿಯೇ ತಲೆಕೆಳಗಾಗುತ್ತದೆ.

ವರದಿಯನ್ನು ಮತ್ತೆ ನಿಧಾನವಾಗಿ ಓದಿದಾಗ ಒಂದು ದಾರಿ ಕಂಡಿತು. ವೀಕ್ಷಕಿಯು ಆ ಜನರ ಪದವನ್ನು ಬಳಸುವುದರ ಜೊತೆಗೆ ಪ್ರಾಣಿಶಾಸ್ತ್ರದ ಪದವನ್ನೂ ಪಕ್ಕದಲ್ಲಿಟ್ಟು ವಿವರಿಸುತ್ತಾಳೆ. ಅಂದರೆ ಇಲ್ಲಿ ಎರಡು ದನಿಗಳಿವೆ. ಶಾಸ್ತ್ರದ ದನಿಗೆ ‘ಬೆದೆ’ ಸಲ್ಲಲಿ, ಅಲ್ಲಿ ಅದು ಬೈಗುಳವಾಗುವುದಿಲ್ಲ. ಆ ಜನ ತಮ್ಮ ತಮ್ಮಲ್ಲಿ ಆಡುವ ಮಾತಿಗೆ ಮಾತ್ರ ಬೇರೆ, ಗೌರವದ ಪದವೊಂದು ಬೇಕು.

‘ಋತು’ ಎಂಬುದನ್ನು ಯೋಚಿಸಿದೆ. ಗರ್ಭ ನಿಲ್ಲಲು ತಕ್ಕ ಕಾಲವನ್ನು ಆಯುರ್ವೇದದಲ್ಲಿ ಋತುಕಾಲವೆನ್ನುತ್ತಾರಾದ್ದರಿಂದ ಅರ್ಥ ದೂರವಲ್ಲ. ಆದರೆ ‘ಋತುಮತಿ’ಯಾದವಳು ಹೆಣ್ಣೇ, ಆ ಪದಕ್ಕೆ ಗಂಡಿನ ಕಡೆಯ ಜೊತೆಯಿಲ್ಲ. ಇದಕ್ಕೆ ಎದುರಾಗಿ ‘ಮದ’ವೆಂದರೆ ನಮಗೆ ಮೊದಲು ನೆನಪಾಗುವುದು ಗಂಡಾನೆ. ಬೆದೆ ಹೆಣ್ಣಿಗೆ, ಮದ ಗಂಡಿಗೆ, ಋತು ಮತ್ತೆ ಹೆಣ್ಣಿಗೆ. ಕಾಮದ ಕಾಲವನ್ನು ಹೇಳುವ ನಮ್ಮ ಪದಗಳೆಲ್ಲ ಲಿಂಗವು ಮೊದಲೇ ನಿಶ್ಚಯವಾಗಿದೆಯೆಂದು ಹಿಡಿದುಕೊಂಡೇ ಹುಟ್ಟಿವೆ.

ಆಗ ನೆನಪಿಗೆ ಬಂದದ್ದು ‘ಹದ’. ಬೆದೆಗೆ ಬಿತ್ತನೆಯ ಹದ ಎಂಬ ಅರ್ಥವೂ ಉಂಟು; ಪ್ರಾಣಿಯ ಬೆದೆಯೂ ನೆಲದ ಬೆದೆಯೂ ಒಂದೇ ಮಾತಿನಲ್ಲಿ ಕೂಡಿವೆ. ಆ ನೆಲದ ಅರ್ಥವನ್ನೇ ಹಿಡಿದು ನಡೆದರೆ ಹದಕ್ಕೆ ತಲುಪುತ್ತೇವೆ. ಮಳೆ ಬಿದ್ದು, ಒಂದೆರಡು ದಿನ ಬಿಸಿಲು ಕಾದ ಮೇಲೆ, ರೈತ ಹೊಲಕ್ಕಿಳಿದು ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ಬಿಟ್ಟು ನೋಡುತ್ತಾನೆ. ಅದು ಕೆಸರಾಗಿ ಬೆರಳಿಗೆ ಮೆತ್ತದೆ, ಪುಡಿಯಾಗಿ ಜಾರದೆ, ಉಂಡೆಗಟ್ಟಿ ಮುಟ್ಟಿದೊಡನೆ ಬಿಚ್ಚಿಕೊಂಡರೆ ‘ಹದಕ್ಕೆ ಬಂದಿದೆ’ ಎನ್ನುತ್ತಾನೆ. ಹದ ಮಣ್ಣಿಗೆ ತಾನಾಗಿ ಬರುವುದಲ್ಲ, ಮಳೆಯಿಂದ ಬರುವುದು. ಬಂದದ್ದು ನಿಲ್ಲುವುದೂ ಇಲ್ಲ, ಕೆಲವು ದಿನ ಕಳೆದರೆ ಹದ ತಪ್ಪುತ್ತದೆ. ಒಬ್ಬರೇ ಇದ್ದಾಗ ಪೂರ್ಣವಾಗದ, ಇನ್ನೊಬ್ಬರಿಂದ ಒದಗುವ, ಬೇಗ ಕಳೆದುಹೋಗುವ ಸ್ಥಿತಿಗೆ ಇದಕ್ಕಿಂತ ಹೊಂದುವ ಮಾತು ನನಗೆ ಕಾಣಲಿಲ್ಲ. ಅದಕ್ಕೆ ಲಿಂಗವಿಲ್ಲ, ಲಜ್ಜೆಯೂ ಇಲ್ಲ. ಸಾಧಿತ ರೂಪಗಳನ್ನೂ ಅದು ಹೊರಬಲ್ಲದು: ‘ಹದಕ್ಕೆ ಬಂದರು’, ‘ಹದ ಕಳೆಯಿತು’, ‘ಹದಮನೆ’, ‘ಹದದ ಜೊತೆ’. ಅಡುಗೆಯಲ್ಲಿಯೂ ಪಾಕದಲ್ಲಿಯೂ ದಿನವೂ ಬಳಸುವ ಪದವಾದ್ದರಿಂದ ಓದುಗರು ಅದನ್ನು ವಿಶೇಷವಾಗಿ ಗುರುತಿಸದೆ ದಾಟಿಹೋಗಬಹುದು ಎಂಬುದೊಂದೇ ನನ್ನ ಅಳುಕು.

‘ಸೋಮರ್’ ಎಂಬುದಕ್ಕೆ ಇನ್ನೂ ನೆಮ್ಮದಿ ಸಿಕ್ಕಿಲ್ಲ. ಹದಕ್ಕೆ ಜೊತೆಯಾಗಿ ‘ಬೀಳು’ ಎನ್ನಬಹುದಾಗಿತ್ತು, ಆದರೆ ಬೀಳು ಬಿಟ್ಟ ಹೊಲವೆಂದರೆ ಕೈಬಿಟ್ಟ ಹೊಲ. ಅದು ಆ ದಿನಗಳ ದುಡಿಮೆಗೆ ಮಾಡುವ ಅನ್ಯಾಯ. ‘ಸುಪ್ತಕಾಲ’ ಸರಿಯಾಗಿದೆ, ಆದರೆ ಪಠ್ಯಪುಸ್ತಕದ ಮಾತು. ‘ತಣಿವು’ ಎಂಬುದರತ್ತ ಮನಸ್ಸು ವಾಲುತ್ತದೆ. ತಣ್ಣನೆಯ ಗ್ರಹಕ್ಕೂ ಅದು ಒಪ್ಪುತ್ತದೆ, ಆದರೆ ಅದರಲ್ಲಿ ತೃಪ್ತಿಯ ಅರ್ಥ ಬೆರೆತಿದೆ.

ಈ ಜನರನ್ನು ಒಟ್ಟಾರೆ ಏನೆನ್ನಬೇಕೆಂಬ ಪ್ರಶ್ನೆಗೆ ಕೆಲವರು ‘ಉಭಯಲಿಂಗಿ’, ‘ಅರ್ಧನಾರೀಶ್ವರ’ ಎಂದು ಸೂಚಿಸಿದರು. ಎರಡೂ ತಪ್ಪೆಂದೇ ನನ್ನ ಎಣಿಕೆ. ಜೀವಶಾಸ್ತ್ರದಲ್ಲಿ ಉಭಯಲಿಂಗಿಯೆಂದರೆ ಎರೆಹುಳುವಿನಂತೆ ಎರಡೂ ಅಂಗಗಳು ಒಂದೇ ದೇಹದಲ್ಲಿ ಏಕಕಾಲಕ್ಕೆ ಕೆಲಸ ಮಾಡುವಂಥದ್ದು. ಅರ್ಧನಾರೀಶ್ವರನಲ್ಲಿಯೂ ಎರಡು ಅರ್ಧಗಳು ಒಟ್ಟಿಗೆ ಇವೆ. ಗೆಥೆನ್ನಿನವರು ಹೆಚ್ಚು ಕಾಲ ಎರಡೂ ಅಲ್ಲ, ಸ್ವಲ್ಪ ಕಾಲ ಎರಡರಲ್ಲಿ ಒಂದು. ನಮ್ಮ ಪುರಾಣಗಳಲ್ಲಿ ಹತ್ತಿರ ಬರುವವನು ಒಂದು ತಿಂಗಳು ಗಂಡಾಗಿಯೂ ಒಂದು ತಿಂಗಳು ಹೆಣ್ಣಾಗಿಯೂ ಬಾಳಿ ಪುರೂರವನನ್ನು ಹೆತ್ತ ಇಲ ರಾಜ. ಪ್ರಾಣಿಗಳಲ್ಲಿ ಕ್ಲೌನ್ ಮೀನನ್ನು ಹೇಳಬಹುದು: ಜೋಡಿಯ ಹೆಣ್ಣು ಸತ್ತರೆ ಅದರ ಗಂಡೇ ಹೆಣ್ಣಾಗುತ್ತದೆ. ಆದರೆ ಇಲನದು ಶಾಪ, ಮೀನಿನದು ಹಿಂತಿರುಗದ ಬದಲಾವಣೆ.

ಇನ್ನು ಸರ್ವನಾಮದ ವಿಷಯ. ಲೇಖಕಿ ಎಲ್ಲರಿಗೂ ಪುಲ್ಲಿಂಗವನ್ನೇ ಬಳಸಿದ್ದರು. 1976ರ ಪ್ರಬಂಧದಲ್ಲಿ ಅದನ್ನು ಸಮರ್ಥಿಸಿಕೊಂಡು, ಹತ್ತು ವರ್ಷ ದಾಟಿದ ಮೇಲೆ ಅದೇ ಪ್ರಬಂಧಕ್ಕೆ ಟಿಪ್ಪಣಿಗಳನ್ನು ಸೇರಿಸಿ ಆ ಸಮರ್ಥನೆಯನ್ನು ಹಿಂತೆಗೆದುಕೊಂಡರು. ಕನ್ನಡದಲ್ಲಿ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದಿದೆ, ಏಕೆಂದರೆ ಪ್ರಥಮಪುರುಷದ ಏಕವಚನದಲ್ಲಿ ಕ್ರಿಯಾಪದವೂ ಲಿಂಗವನ್ನು ಹೇಳಿಬಿಡುತ್ತದೆ: ಬಂದನು, ಬಂದಳು, ಬಂದಿತು. ಅನುಕೂಲವೂ ಇದೆ. ‘ನಾನು ಬಂದೆ’, ‘ನೀನು ಬಂದೆ’ ಎಂಬಲ್ಲಿ ಲಿಂಗವೇ ಇಲ್ಲ. ಹಿಮದ ಹಾಸಿನ ಮೇಲೆ ಇಬ್ಬರೇ ಜಾರುಬಂಡಿ ಎಳೆಯುತ್ತ ಸಾಗುವಾಗಿನ ಮಾತುಗಳೆಲ್ಲ ಏಕವಚನದಲ್ಲಿಯೇ ಸಲೀಸಾಗಿ ನಡೆಯುತ್ತವೆ. ದೊರೆಗೂ ಮಂತ್ರಿಗೂ ‘ಅವರು’ ಸಾಕು. ದೊರೆ ಬಸಿರಾದ ಸುದ್ದಿಯನ್ನು ಹೇಳುವಾಗ ‘ರಾಜ’, ‘ಅರಸ’ ಬೇಡ, ಅವಕ್ಕೆ ರಾಣಿ, ಅರಸಿಯರ ಜೋಡಿಯಿದೆ. ‘ಗರ್ಭಿಣಿ’, ‘ಬಸುರಿ’ಯೂ ಬೇಡ, ಅವು ಸ್ತ್ರೀಲಿಂಗದ ರೂಪಗಳು. ‘ದೊರೆ ಬಸಿರಾಗಿದ್ದಾರೆ’ ಎಂದರೆ ಎಲ್ಲಿಯೂ ತೊಡಕಿಲ್ಲದೆ ಮೂಲದ ಬೆರಗು ಉಳಿಯುತ್ತದೆ.

ಉಳಿದಿರುವ ಕಷ್ಟವೆಂದರೆ ಬಹುವಚನದ ಗೌರವ ಸಲ್ಲದ ಕಡೆ, ಅಂದರೆ ಮಗು, ಗೆಳೆಯ, ಕೈದಿಯಂಥವರ ವಿಷಯದಲ್ಲಿ. ಇಲ್ಲಿ ನಪುಂಸಕಲಿಂಗವನ್ನೇ ಬಳಸಬಾರದೇಕೆ? ‘ಮಗು ಮಲಗಿದೆ’, ‘ಆ ಜೀವ ಎಷ್ಟು ನೊಂದಿತೋ’ ಎಂಬಲ್ಲಿ ತಾತ್ಸಾರವಿಲ್ಲ, ಅಕ್ಕರೆಯಿದೆ. ಹವ್ಯಕರ ಮಾತಿನಲ್ಲಿ ಹೆಂಗಸರ ವಿಷಯದಲ್ಲಿ ‘ಅದು ಬಂತು’ ಎನ್ನುವುದೇ ರೂಢಿ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಲಿಂಗಗಳನ್ನು ಒಂಬತ್ತಾಗಿ ಎಣಿಸಿದ್ದಾನೆ, ಶನಿ ‘ಕಾಡಿದನು’ ಎಂದೂ ‘ಕಾಡಿತು’ ಎಂದೂ ಹೇಳಬಹುದಾದ ಪುನ್ನಪುಂಸಕವನ್ನು ನಾವು ಶಾಲೆಯ ವ್ಯಾಕರಣದಲ್ಲಿಯೇ ಓದಿದ್ದೇವೆ. ಆದರೂ ಬೆಳೆದ ವ್ಯಕ್ತಿಯೊಬ್ಬರನ್ನು ಅಧ್ಯಾಯದುದ್ದಕ್ಕೂ ‘ಅದು’ ಎಂದರೆ ಓದುಗರ ಮನಸ್ಸಿನಲ್ಲಿ ಆ ವ್ಯಕ್ತಿ ಮನುಷ್ಯರಾಗಿ ಉಳಿಯುವರೇ ಎಂಬ ಭಯ ನನಗಿದೆ.

ಆದ್ದರಿಂದ ನನ್ನ ಕೇಳಿಕೆಗಳು ಇವು. ನಿಮ್ಮ ಸೀಮೆಯಲ್ಲಿ ಗಂಡು ಹೆಣ್ಣು ಎರಡಕ್ಕೂ ಸಲ್ಲುವ, ಬೆದೆಯ ಅರ್ಥದ ಮಾತು ಬಳಕೆಯಲ್ಲಿದೆಯೇ? ಕುರಿ, ಆಡು ಸಾಕುವವರು ಟಗರಿಗೂ ಹೋತಕ್ಕೂ ಏನೆನ್ನುತ್ತಾರೆ? ಹೊಲದ ವಿಷಯದಲ್ಲಿ ‘ಬೆದೆ’ ಎಂಬ ಮಾತನ್ನು ಈಗಲೂ ಆಡುವ ಊರುಗಳು ಯಾವುವು? ‘ಸೋಮರ್’ ಎಂಬುದಕ್ಕೆ, ದುಡಿಮೆಯ ದಿನಗಳ ಘನತೆ ಕೆಡದಂತೆ, ಬೇರೆ ಯಾವ ಪದ ಹೊಂದೀತು? ಕರಡನ್ನು ಮುಂದಿನ ಅಮಾವಾಸ್ಯೆಯ ಒಳಗೆ ಗುಂಪಿಗೆ ಕೊಡಬೇಕಾಗಿದೆ. ಅಷ್ಟರೊಳಗೆ ಉತ್ತರ ಬಂದರೆ ‘ಹದ’ವನ್ನು ಉಳಿಸಿಕೊಳ್ಳುವುದೋ ಬಿಡುವುದೋ ನಿರ್ಧರಿಸುತ್ತೇನೆ.