ಪುಣ್ಯಕೋಟಿಯ ಕರುವಿಗೆ ಕಾಗದ: ಮಗನಿಂದ ಬರೆಸುವುದು ಹೇಗೆ? ಅನುಭವ ಇದ್ದವರು ಹೇಳಿ

ಹಾಸನದ ಅಮ್ಮ
ಮಗ 7ನೇ ಕ್ಲಾಸ್. ಕಥೆಯಲ್ಲಿ ಯಾರನ್ನೋ ಕಳೆದುಕೊಂಡು ನೋಯುತ್ತಿರುವ ಪಾತ್ರಕ್ಕೆ ಗೆಳೆಯನ ಹಾಗೆ ಒಂದು ಕಾಗದ ಬರೆದು ತರಬೇಕಂತೆ. ಇವನು ಪುಣ್ಯಕೋಟಿಯ ಕರುವನ್ನು ಆರಿಸಿಕೊಂಡಿದ್ದಾನೆ. ನಮ್ಮ ಮಾವ ತೀರಿಕೊಂಡು ಮೂರು ತಿಂಗಳಾಯಿತು. ಇವನು ದಿನಾ ತಾತನ ಪಕ್ಕದಲ್ಲೇ ಮಲಗುತ್ತಿದ್ದವನು. "ಪ್ರೀತಿಯ ಕರುವೇ" ಎಂದು ಬರೆದು ಎದ್ದು ಹೋಗುತ್ತಾನೆ. ಎರಡು ದಿನದಿಂದ ಇದೇ ಆಗಿದೆ. ಕೂರಿಸಿ ಬರೆಸಲಾ, ಬಿಟ್ಟುಬಿಡಲಾ? ಸೋಮವಾರ ಕೊಡಬೇಕು.

ಪುತ್ತೂರಿನ ಅಪ್ಪ
ನನ್ನ ದೊಡ್ಡ ಮಗಳು ಹೋದ ವರ್ಷ ಕಾರಂತರ "ಚೋಮನ ದುಡಿ" ಕಾದಂಬರಿಯ ಚೋಮನಿಗೆ ಬರೆದಳು. ಕಿರಿಯ ಮಗ ಹೊಳೆಯಲ್ಲಿ ಮುಳುಗುತ್ತಿದ್ದರೂ ಮುಟ್ಟಿದರೆ ಮೈಲಿಗೆ ಎಂದು ದಡದಲ್ಲಿದ್ದವರು ಇಳಿಯಲಿಲ್ಲವಲ್ಲ, ಆ ಚೋಮನಿಗೆ. ನಾಲ್ಕು ರಾತ್ರಿ ಕೂತಳು. ಏಳು ಹಾಳೆ ಹರಿದಳು. "ಚೋಮಜ್ಜ, ನೀವು ದುಡಿ ಬಾರಿಸುವಾಗ ನಾನು ಹೊರಗೆ ಜಗಲಿಯಲ್ಲಿ ಕೂತಿರುತ್ತೇನೆ, ಒಳಗೆ ಕರೆಯಬೇಡಿ" ಎಂದು ಬರೆದಿದ್ದಳು. ಓದಿ ನಾನು ಅತ್ತುಬಿಟ್ಟೆ. ಅವಳಿಗೆ ಸಿಕ್ಕಿದ್ದು ಐದಕ್ಕೆ ಎರಡೂವರೆ! ದಿನಾಂಕ ಹಾಕಿಲ್ಲ ಎಂದು ಅರ್ಧ, "ಕ್ಷೇಮ" ಇಲ್ಲ ಎಂದು ಒಂದು, ಚೋಮನಿಗೆ ಬಹುವಚನ ಸಲ್ಲದು ಎಂದು ಒಂದು. ಶಾಲೆಗೆ ಮೂರು ಸಲ ಹೋದೆ. ಎರಡು ದಿನ ರಜೆ, ಒಂದು ಅರ್ಧ ದಿನದ ಸಂಬಳ ಹೋಯಿತು. ಅಂಕ ಬದಲಾಗಲಿಲ್ಲ. ಈಗ ಅವಳು ಏನೂ ಬರೆಯುವುದಿಲ್ಲ.

ನಿವೃತ್ತ ಕನ್ನಡ ಮೇಷ್ಟ್ರು
31 ವರ್ಷ ಪಾಠ ಮಾಡಿದವನು ನಾನು. ದಿನಾಂಕ, ಸ್ಥಳ, ಸಂಬೋಧನೆ, ಒಕ್ಕಣೆ, ಇಂತಿ. ಇಷ್ಟೂ ಇದ್ದರೆ ಮಾತ್ರ ಅದು ಕಾಗದ. ನನ್ನ ಹೆಂಡತಿ ಹೋದಾಗ 43 ಕಾಗದ ಬಂದವು. ಅದರಲ್ಲಿ 50 ಪೈಸೆಯ ಕಾರ್ಡುಗಳೇ ಜಾಸ್ತಿ. ಎಲ್ಲವನ್ನೂ ಇಟ್ಟಿದ್ದೇನೆ. ಏನು ಹೇಳಬೇಕು ಎಂದು ತಿಳಿಯದವರಿಗೂ ಎರಡು ಸಾಲು ಬರೆಯಲು ಆ ಕಟ್ಟುಪಾಡೇ ದಾರಿ ಮಾಡಿಕೊಟ್ಟಿತ್ತು. ಅದನ್ನು ಹಗುರ ಮಾಡಬೇಡಿ ಸಾರ್.

ಪುತ್ತೂರಿನ ಅಪ್ಪ
ಮಗ ಸತ್ತವನಿಗೆ "ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಅಂತಾರಾ ಮೇಷ್ಟ್ರೇ? ನಮ್ಮ ಮನೆಯಲ್ಲಿ ಸಾವಿನ ಸುದ್ದಿಯ ಕಾರ್ಡಿಗೆ ಮೇಲೆ "ಶ್ರೀ" ಸಹ ಹಾಕುತ್ತಿರಲಿಲ್ಲ. ಊರಿಗೆ ಊರೇ ಏಕವಚನದಲ್ಲಿ ಕರೆದ ಮನುಷ್ಯನಿಗೆ ಒಂದು ಮಗು "ನೀವು" ಎಂದರೆ ಅಂಕ ಕಳೆಯುವುದಾ?

ತುಮಕೂರು ನಿವಾಸಿ
ಮಕ್ಕಳ ಹೋಂವರ್ಕಿಗೆ ಜಾತಿ ಯಾಕೆ ತರುತ್ತೀರಿ? ಆ ಸಿನಿಮಾ ನಾನೂ ನೋಡಿದ್ದೇನೆ.

ಪುತ್ತೂರಿನ ಅಪ್ಪ
ನಾನು ತಂದಿದ್ದಲ್ಲ. 1933ರಲ್ಲೇ ಪುಸ್ತಕದಲ್ಲಿ ಬರೆದಿದೆ. ಸಿನಿಮಾ ಬಂದಿದ್ದು 1975ರಲ್ಲಿ. ಮೊದಲು ಓದಿ, ಆಮೇಲೆ ಮಾತಾಡಿ.

ದಾವಣಗೆರೆ ಚಿಕ್ಕಮ್ಮ
ಹಾಸನದ ಅಕ್ಕಾ, ಕರು ಬೇಡ. ಅಕ್ಕ ತೀರಿಕೊಂಡ ಮೇಲೆ ಅವಳ ಮಗಳನ್ನು ನಾನೇ ಸಾಕುತ್ತಿದ್ದೇನೆ. ಅವಳೂ ಕರುವಿಗೇ ಬರೆದಳು. ಅರ್ಧ ಬರೆದು "ಇದರ ಅಮ್ಮ ವಾಪಸ್ ಬಂದಳಲ್ಲ ಚಿಕ್ಕಮ್ಮ" ಎಂದು ಹಾಳೆಯನ್ನು ಮುದುರಿ ಒಲೆಗೆ ಹಾಕಿದಳು. ಎಂಟು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಪ್ತಸಮಾಲೋಚನೆಗೆ ಒಂದು ಸಲಕ್ಕೆ 900 ರೂಪಾಯಿ, ಆರು ಸಲ. ಆಟೋ ಹೋಗಿ ಬರಲು 160. ಮೂರನೇ ಸಲಕ್ಕೆ ಆ ಸಮಾಲೋಚಕರು ಬೇರೆ ಊರಿಗೆ ಹೋದರು, ಹೊಸಬರ ಹತ್ತಿರ ಮತ್ತೆ ಮೊದಲಿನಿಂದ ಎಲ್ಲ ಹೇಳಬೇಕಾಯಿತು. ಹುಲಿಯ ಬಾಯಿಂದ ತಾಯಿ ಬದುಕಿ ಬರುವ ಕಥೆಯನ್ನು, ಬದುಕಿ ಬಾರದವರ ಮನೆಯ ಮಗುವಿಗೆ ಕೊಡಬಾರದು.

ಸಾಗರದ ಅತ್ತೆ
ನೀವು ಕೊನೆಯನ್ನಷ್ಟೇ ಹಿಡಿದುಕೊಂಡಿರಿ. ಹುಲಿಗೆ ಮಾತು ಕೊಟ್ಟು ಬಂದ ಪುಣ್ಯಕೋಟಿ ಕರುವಿಗೆ ಹಾಲು ಕುಡಿಸಿ, ಹಾಯಬೇಡಿ, ಒದೆಯಬೇಡಿ ಎಂದು ಉಳಿದ ಹಸುಗಳಿಗೆ ಹೇಳಿ ಹೊರಟಳಲ್ಲ, ಆ ಹೊತ್ತಿನಲ್ಲಿ ಕರುವಿಗೆ ಗೊತ್ತಿದ್ದುದು ಅಮ್ಮ ಬರುವುದಿಲ್ಲ ಎಂಬುದೊಂದೇ. ನನ್ನ ಅಳಿಯ ಆ ಸಂಜೆಯ ಕರುವಿಗೆ ಬರೆದ. ಅಂದರೆ ನನ್ನ ತಮ್ಮನ ಮಗ, ತಮ್ಮ ತೀರಿಕೊಂಡ ವರ್ಷವೇ ಬರೆದದ್ದು. "ನಾನೂ ದೊಡ್ಡಿಯಲ್ಲಿ ನಿನ್ನ ಪಕ್ಕ ಮಲಗುತ್ತೇನೆ" ಎಂಬ ಒಂದೇ ಸಾಲು ಬರೆದ. ಮೇಡಂ ಅದನ್ನು ಒಪ್ಪಿದರು.

ದಾವಣಗೆರೆ ಚಿಕ್ಕಮ್ಮ
ನಿಮ್ಮ ಹುಡುಗ ಗಟ್ಟಿ. ನಮ್ಮವಳು ಹಾಗಲ್ಲ. ಹೋಲಿಸಬೇಡಿ.

ಸಾಗರದ ಅತ್ತೆ
ಗಟ್ಟಿ ಅಂತ ನಾನು ಎಲ್ಲಿ ಹೇಳಿದೆ? ಎರಡು ವರ್ಷ ಹಾಸಿಗೆ ಒದ್ದೆ ಮಾಡಿಕೊಂಡ ಹುಡುಗ ಅವನು. ಆ ಹಾಸಿಗೆಗಳನ್ನು ತೊಳೆದವಳು ನಾನು.

ಮೈಸೂರು, ಒಬ್ಬಳೇ ಮಗಳಿದ್ದಳು
ನಾನು ಶಾಲೆಗಾಗಿ ಬರೆದವಳಲ್ಲ. ಹರಿಶ್ಚಂದ್ರನ ಚಂದ್ರಮತಿಗೆ ಬರೆದೆ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತು ತಂದವಳ ಹತ್ತಿರ ಸುಡುಗಾಡಿನ ಸುಂಕ ಕೇಳುತ್ತಾರಲ್ಲ, ಅವಳಿಗೆ. ನಮ್ಮ ಲೆಕ್ಕ ನನಗೆ ಇನ್ನೂ ಬಾಯಿಪಾಠ. ಆಂಬುಲೆನ್ಸ್ 3,800. ಸೌದೆ 6,200. ಹೂವು 450. ಗೇಟಿನಲ್ಲಿ ರಸೀದಿ ಇಲ್ಲದೆ 500. ಚಿಲ್ಲರೆ ಇಲ್ಲ ಎಂದು ಇನ್ನೊಂದು 50 ರೂಪಾಯಿ ಇಟ್ಟುಕೊಂಡರು. ಆ 50 ರೂಪಾಯಿಗಾಗಿ ನಾನು ಅಲ್ಲಿ ಜಗಳ ಮಾಡಿದೆ. ಮಗಳನ್ನು ಕೆಳಗೆ ಮಲಗಿಸಿ ಜಗಳ ಮಾಡಿದೆ. ಮನೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ. ಚಂದ್ರಮತಿಗೆ ಹೇಳಿದೆ, ನೀನೂ ಸುಂಕಕ್ಕೆ ನಿಂತವಳು, ನಿನಗೆ ಅರ್ಥವಾಗುತ್ತದೆ ಅಂತ.

ತುಮಕೂರು ನಿವಾಸಿ
ಅವಳ ಮಗ ಕೊನೆಯಲ್ಲಿ ಬದುಕುತ್ತಾನಲ್ಲ ಮೇಡಂ. ದಾವಣಗೆರೆಯವರು ಹೇಳಿದ ತೊಂದರೆ ಇಲ್ಲೂ ಇದೆ.

ಮೈಸೂರು, ಒಬ್ಬಳೇ ಮಗಳಿದ್ದಳು
ಗೊತ್ತು. ಕೊನೆಯ ಪುಟಕ್ಕೆ ನಾನು ಹೋಗಲಿಲ್ಲ.

ನಿವೃತ್ತ ಕನ್ನಡ ಮೇಷ್ಟ್ರು
ತಾಯಿ, ದಿನಾಂಕ ಹಾಕಿದ್ದೀರಾ? ಅಂಕಕ್ಕಾಗಿ ಕೇಳುತ್ತಿಲ್ಲ. ಮುಂದೆ ಓದುವಾಗ ಬೇಕಾಗುತ್ತದೆ. ನನ್ನ 43ರಲ್ಲಿ ಒಂಬತ್ತಕ್ಕೆ ದಿನಾಂಕವೇ ಇಲ್ಲ. ಯಾವುದು ಮೊದಲು ಬಂತು ಎಂದು ಈಗ ಜೋಡಿಸಲು ಆಗುತ್ತಿಲ್ಲ.

ಪುತ್ತೂರಿನ ಅಪ್ಪ
ಇಷ್ಟನ್ನು ಅವತ್ತು ಯಾರಾದರೂ ನನ್ನ ಮಗಳಿಗೆ ಹೇಳಿದ್ದರೆ ಅವಳು ದಿನಾಂಕ ಹಾಕುತ್ತಿದ್ದಳು ಮೇಷ್ಟ್ರೇ.

ಹಾಸನದ ಅಮ್ಮ
ಎಲ್ಲವನ್ನೂ ಓದಿದೆ. ಸಾಗರದವರು ಹೇಳಿದ ಆ ಸಂಜೆಯ ಮಾತನ್ನು ಇವನಿಗೆ ಹೇಳಿದೆ. ಅವನು ಏನೂ ಹೇಳಲಿಲ್ಲ. ತಾತನ ಕನ್ನಡಕದ ಡಬ್ಬಿ ಎಲ್ಲಿದೆ ಎಂದು ಕೇಳಿದ. ಕೊಟ್ಟೆ. ಈಗ ಅದನ್ನು ಪಕ್ಕದಲ್ಲಿಟ್ಟುಕೊಂಡು ಮೇಜಿನ ಮುಂದೆ ಕೂತಿದ್ದಾನೆ.