ಕೈರಲ್ ಆಲ್ಕೊಹಾಲ್ ತಯಾರಿಕೆಗೆ ಮಾರ್ಪಡಿಸಿದ ಕಿಣ್ವ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ): ಔಷಧ ಸಂಶೋಧನೆಗಾಗಿ ಒಂದು ಕೀಟೋನ್‌ನಿಂದ ಆಲ್ಕೊಹಾಲಿನ ಒಂದೇ ಎನಾಂಟಿಯೋಮರ್ (ಪರಸ್ಪರ ಕನ್ನಡಿಬಿಂಬದಂತಿರುವ ಎರಡು ರೂಪಗಳಲ್ಲಿ ಒಂದು) ಪಡೆಯಬೇಕಾಗಿದೆ. ನಮ್ಮಲ್ಲಿ ಜೀನ್ ಮಾರ್ಪಡಿಸುವ ಸೌಲಭ್ಯವಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಹುಬ್ಬಳ್ಳಿಯ ರಸಾಯನಶಾಸ್ತ್ರಜ್ಞರು: ಜೀನಿನ ಚಿಂತೆಯನ್ನು ಸದ್ಯಕ್ಕೆ ಬಿಡಿ. ಕೀಟೋನನ್ನು ಆಲ್ಕೊಹಾಲಾಗಿಸುವ, ಮಾರ್ಪಡಿಸಿದ ಕೀಟೋರಿಡಕ್ಟೇಸ್ ಕಿಣ್ವಗಳು ಪುಡಿಯ ರೂಪದಲ್ಲಿ, ಹಲವನ್ನು ಒಟ್ಟಿಗೆ ಪರೀಕ್ಷಿಸಿ ನೋಡುವ ಸ್ಕ್ರೀನಿಂಗ್ ಕಿಟ್ ಆಗಿಯೇ ದೊರೆಯುತ್ತವೆ. ಆದರೆ ಕಿಟ್ ತರಿಸುವ ಮೊದಲು ನಿಮ್ಮ ಕೀಟೋನನ್ನು ಸೋಡಿಯಂ ಬೋರೋಹೈಡ್ರೈಡ್‌ನಿಂದ ಅಪಕರ್ಷಿಸಿ ರೇಸಿಮಿಕ್ (ಎರಡೂ ರೂಪಗಳು ಸಮನಾಗಿರುವ) ಆಲ್ಕೊಹಾಲನ್ನು ಮಾಡಿಟ್ಟುಕೊಂಡು, ಕೈರಲ್ ಕಾಲಂನಲ್ಲಿ ಎರಡೂ ಪೀಕ್‌ಗಳು ಸ್ಪಷ್ಟವಾಗಿ ಬೇರೆಯಾಗುವಂತೆ ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ) ವಿಧಾನವನ್ನು ಸಿದ್ಧಪಡಿಸಿಕೊಳ್ಳಿ. ಇದಿಲ್ಲದಿದ್ದರೆ ಯಾವ ಕಿಣ್ವ ಗೆದ್ದಿತು ಎಂಬುದೇ ತಿಳಿಯುವುದಿಲ್ಲ. ಕಿಣ್ವ ಹಾಕದ ಒಂದು ಬಾಟಲಿಯನ್ನೂ ಜೊತೆಗೆ ನಡೆಸಿ.

ಕಿಣ್ವಕ್ಕೆ ಹೈಡ್ರೋಜನ್ ಒದಗಿಸುವ ಸಹಕಾರಿ ಅಣುವಾದ ಎನ್‌ಎಡಿಪಿಎಚ್ ದುಬಾರಿ ಎಂದು ಅಂಜಬೇಕಾಗಿಲ್ಲ, ಏಕೆಂದರೆ ಅದು ಅತ್ಯಲ್ಪ ಪ್ರಮಾಣದಲ್ಲಿದ್ದರೆ ಸಾಕು, ಕ್ರಿಯೆಯ ಒಳಗೇ ಮತ್ತೆ ಮತ್ತೆ ಹುಟ್ಟುತ್ತಿರುತ್ತದೆ. ಹಾಗೆ ಮರುಹುಟ್ಟಿಸಲು ಗ್ಲೂಕೋಸ್ ಮತ್ತು ಗ್ಲೂಕೋಸ್ ಡಿಹೈಡ್ರೋಜಿನೇಸ್ ಕಿಣ್ವವನ್ನು ಬಳಸಿದರೆ ಗ್ಲುಕೋನಿಕ್ ಆಮ್ಲ ಉಂಟಾಗಿ ಪಿಎಚ್ ಇಳಿಯುವುದರಿಂದ, ಕ್ಷಾರವನ್ನು ಹನಿಹನಿಯಾಗಿ ಸೇರಿಸುತ್ತಿರಬೇಕಾಗುತ್ತದೆ. ಕಿಣ್ವವು ಐಸೊಪ್ರೊಪನಾಲನ್ನು ಒಪ್ಪುವುದಾದರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ: ಪಿಎಚ್ ತೊಂದರೆಯಿಲ್ಲ, ಉಪೋತ್ಪನ್ನವಾದ ಅಸಿಟೋನ್ ಆವಿಯಾಗಿ ಹೋದಷ್ಟೂ ಕ್ರಿಯೆ ಮುಂದಕ್ಕೆ ಸಾಗುತ್ತದೆ.

ಧಾರವಾಡದ ಅಧ್ಯಾಪಕರು: ಮೇಲಿನ ಮಾತನ್ನು ಒಪ್ಪುತ್ತೇನೆ. ಕಿಣ್ವವನ್ನೇ ಮಾರ್ಪಡಿಸಲು ಹೊರಟರೆ ಎಷ್ಟು ಶ್ರಮ ಬೇಕೆಂಬುದಕ್ಕೆ ಮಧುಮೇಹದ ಔಷಧ ಸಿಟಾಗ್ಲಿಪ್ಟಿನ್ ಸಾಕ್ಷಿ. ಮರ್ಕ್ ಮತ್ತು ಕೋಡೆಕ್ಸಿಸ್ ಸಂಸ್ಥೆಗಳು 2010ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಆರಂಭದ ಟ್ರಾನ್ಸಮಿನೇಸ್ (ಕೀಟೋನನ್ನು ಅಮೀನ್ ಆಗಿಸುವ ಕಿಣ್ವ) ಆ ಔಷಧಕ್ಕೆ ಬೇಕಾದ ದೊಡ್ಡ ಕೀಟೋನನ್ನು ಮುಟ್ಟುತ್ತಲೇ ಇರಲಿಲ್ಲ. ಮೊದಲು ಅದರ ಸಕ್ರಿಯ ತಾಣವನ್ನು ಹಿಗ್ಗಿಸಿ, ಬಳಿಕ ಸುತ್ತು ಸುತ್ತಾಗಿ ಮ್ಯೂಟೇಶನ್ ಮತ್ತು ಆಯ್ಕೆ ನಡೆಸಿ, 27 ಬದಲಾವಣೆಗಳಿರುವ ಕಿಣ್ವವನ್ನು ಪಡೆದರು. ಲೀಟರಿಗೆ 200 ಗ್ರಾಂ ಕೀಟೋನನ್ನು ಅದು ಪರಿವರ್ತಿಸಿತು. ಅಧಿಕ ಒತ್ತಡದಲ್ಲಿ ರೋಡಿಯಂ ಬಳಸುವ ಹೈಡ್ರೋಜನೀಕರಣದ ಅಗತ್ಯ ತಪ್ಪಿತು. ಇದೇ ನಿರ್ದೇಶಿತ ವಿಕಾಸದ ವಿಧಾನಕ್ಕಾಗಿ ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ 2018ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಇದು ಪಿಎಚ್.ಡಿ.ಯ ಮೊದಲ ಅಧ್ಯಾಯಕ್ಕೆ ತಕ್ಕ ಕೆಲಸವಲ್ಲ ಎಂದೇ ನನ್ನ ಅಭಿಪ್ರಾಯ.

ಬಹುತೇಕ ನೈಸರ್ಗಿಕ ಕೀಟೋರಿಡಕ್ಟೇಸ್‌ಗಳು ಪ್ರೆಲಾಗ್ ನಿಯಮದಂತೆ (ಕೀಟೋನಿಗೆ ಹೈಡ್ರೋಜನ್ ಯಾವ ಬದಿಯಿಂದ ಸೇರುತ್ತದೆಂದು ಹೇಳುವ ನಿಯಮ) ಒಂದೇ ಎನಾಂಟಿಯೋಮರ್ ಕಡೆಗೆ ಒಲಿಯುತ್ತವೆ. ನಿಮಗೆ ಬೇಕಾದದ್ದು ಅದಕ್ಕೆ ವಿರುದ್ಧವಾದ ರೂಪವಾಗಿದ್ದರೆ, ಕಿಟ್‌ನಲ್ಲಿ ಅಂಥ ಕಿಣ್ವಗಳೂ ಇವೆಯೇ ಎಂದು ಮೊದಲೇ ವಿಚಾರಿಸಿ.

ಗದಗ ಮೂಲದ, ಔಷಧ ಉದ್ಯಮದಲ್ಲಿರುವ ಒಬ್ಬರು: ಕ್ರಿಯೆ ಮುಗಿದ ಮೇಲಿನ ಸಂಗತಿಯನ್ನು ಯಾರೂ ಹೇಳಲಿಲ್ಲ. ನೇರವಾಗಿ ಎಥೈಲ್ ಅಸಿಟೇಟ್ ಹಾಕಿ ಕುಲುಕಿದರೆ ಕಿಣ್ವದ ಪ್ರೋಟೀನಿನಿಂದಾಗಿ ಎಮಲ್ಷನ್ (ನೀರು ಮತ್ತು ದ್ರಾವಕ ಹನಿಹನಿಯಾಗಿ ಬೆರೆತ ಮಿಶ್ರಣ) ಕಟ್ಟಿಕೊಂಡು ಪದರಗಳು ಬೇರೆಯಾಗುವುದೇ ಇಲ್ಲ. ಎಥೈಲ್ ಅಸಿಟೇಟ್ ಸೇರಿಸಿ ಮೆಲ್ಲಗೆ ಕಲಕಿ, ಇಡೀ ಮಿಶ್ರಣವನ್ನು ಸೀಲೈಟ್ (ಸೋಸಲು ಬಳಸುವ ಪುಡಿ) ಹಾಸಿನ ಮೂಲಕ ಸೋಸಿ, ಅನಂತರವೇ ಪದರಗಳನ್ನು ಬೇರ್ಪಡಿಸಿ.