ಸೋರ್ಸ್‌ನಿಂದ ಬಿಲ್ಡ್ ಮಾಡಿ ಕೈ ಸುಟ್ಟುಕೊಂಡವರು ಸ್ವಲ್ಪ ಹೇಳಿ

ಕೇಳಿದ್ದು, ಸೋಮವಾರಪೇಟೆ ಹತ್ತಿರದ ತೋಟದಿಂದ:

ನಮಸ್ಕಾರ. ಊರಿನ ಸಹಕಾರ ಸಂಘದ ಹಳೇ ವರದಿಗಳನ್ನು ಅಪ್ಪ ಒಂದು ಟ್ರಂಕಿನಲ್ಲಿ ಜೋಪಾನ ಮಾಡಿದ್ದಾರೆ. ಎಲ್ಲಾ ಅಚ್ಚುಮೊಳೆ ಕಾಲದ ಕನ್ನಡ. ಈ ಮಳೆಗೆ ಅರ್ಧಕ್ಕೆ ಬೂಷ್ಟು ಹಿಡಿದಿದೆ. ಉಳಿದಿದ್ದನ್ನಾದರೂ ಫೋಟೊ ತೆಗೆದು ಟೆಸೆರಾಕ್ಟ್‌ಗೆ ಕೊಡೋಣ ಅಂತ ಹೊರಟಿದ್ದೇನೆ. ಗೊತ್ತಿಲ್ಲದವರಿಗೆ: ಚಿತ್ರದಲ್ಲಿರುವ ಅಚ್ಚಿನ ಅಕ್ಷರ ಓದಿ, ಟೈಪ್ ಮಾಡಿದ ಹಾಗೆ ಕೊಡುವ ಪ್ರೋಗ್ರಾಂ ಅದು.

ಲ್ಯಾಪ್‌ಟಾಪ್ ಹಳೇದು, 4 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್ 21. ಅದರಲ್ಲಿ ಸಿಗುವುದು ಟೆಸೆರಾಕ್ಟ್ 4.1.1. ನನಗೆ 5 ಬೇಕು. ಮನೆಯಲ್ಲಿ ನೆಟ್ ಇಲ್ಲ ಅಂತಲೇ ಅಂದುಕೊಳ್ಳಿ. ಗೇಟಿನಾಚೆ ತಿರುವಿನಲ್ಲಿ ನಿಂತರೆ ಫೋನಿಗೆ ಎರಡು ಕಡ್ಡಿ ಬರುತ್ತದೆ, ಅಷ್ಟೇ. ಕುಶಾಲನಗರದಲ್ಲಿ ಸ್ನೇಹಿತನ ಮನೆಯಲ್ಲಿ ಸೋರ್ಸ್ (ಪ್ರೋಗ್ರಾಮಿನ ಮೂಲ ಕೋಡ್, ನಾವೇ ಕಟ್ಟಿಕೊಳ್ಳಬೇಕು) ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದೆ. ಪೆನ್‌ಡ್ರೈವ್‌ನಲ್ಲೇ ಬಿಡಿಸಿ ಆಟೋಜೆನ್ (ಕಟ್ಟುವ ಮೊದಲು ಓಡಿಸಬೇಕಾದ ಸ್ಕ್ರಿಪ್ಟ್) ಓಡಿಸಿದರೆ 'ಪರ್ಮಿಷನ್ ಡಿನೈಡ್'. ಅಡ್ಮಿನ್ ಅಧಿಕಾರದಲ್ಲಿ ಓಡಿಸೋಣ ಅಂತ ಸುಡೋ ಹಾಕಿದರೆ 'ಕಮಾಂಡ್ ನಾಟ್ ಫೌಂಡ್'. ಫೈಲ್ ಕಣ್ಣೆದುರೇ ಇದೆ! ಮೂರು ಸಂಜೆ ಹೋಯಿತು. ಇದಕ್ಕೇನು ಮಾಡಲಿ? ಮುಂದೆ ಇನ್ನೇನೇನು ಕಾದಿದೆ? ಅನುಭವ ಇದ್ದವರು ಹೇಳಿ.

ಮಡಿಕೇರಿಯಿಂದ:

ತಪ್ಪು ನಿಮ್ಮದಲ್ಲ, ಪೆನ್‌ಡ್ರೈವಿನದು. ಅಂಗಡಿಯಿಂದ ತಂದ ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್ ಫಾರ್ಮ್ಯಾಟಿನಲ್ಲಿರುತ್ತದೆ. 'ಈ ಫೈಲನ್ನು ಓಡಿಸಬಹುದು' ಅನ್ನುವ ಗುರುತು ಇಟ್ಟುಕೊಳ್ಳಲು ಅದರಲ್ಲಿ ಜಾಗವೇ ಇಲ್ಲ. ಸಿಮ್‌ಲಿಂಕ್ (ಬೇರೆ ಫೈಲಿನತ್ತ ಕೈತೋರಿಸುವ ಫೈಲ್) ಕೂಡ ಆಗುವುದಿಲ್ಲ. ಆ ಗುರುತು ಹಾಕುವ ಚ್‌ಮಾಡ್ ಕಮಾಂಡ್ ಎಷ್ಟು ಸಲ ಹೊಡೆದರೂ ಅಷ್ಟೇ. ಓಡಿಸುವ ಗುರುತು ಇಲ್ಲದ ಫೈಲನ್ನು ಸುಡೋ ಕಮಾಂಡ್ ಅಂತಲೇ ಎಣಿಸುವುದಿಲ್ಲ, ಹಾಗಾಗಿ 'ನಾಟ್ ಫೌಂಡ್'.

ಇಳಿಸಿ ತಂದ ಟಾರ್ ಫೈಲನ್ನು (ಸೋರ್ಸ್ ಕಟ್ಟಿಟ್ಟ ಗಂಟು) ಹಾಗೇ ಹೋಮ್ ಫೋಲ್ಡರಿಗೆ ಕಾಪಿ ಮಾಡಿ, ಅಲ್ಲಿ ಬಿಡಿಸಿ. ಪೆನ್‌ಡ್ರೈವ್‌ನಲ್ಲಿ ಬಿಡಿಸಿದ್ದನ್ನು ಕಾಪಿ ಮಾಡಬೇಡಿ. ಫೋಲ್ಡರಿನ ಹೆಸರಿನಲ್ಲಿ ಸ್ಪೇಸ್ ಬೇಡ. ನಾನು ಒಮ್ಮೆ 'ಹೊಸ ಫೋಲ್ಡರ್' ಅನ್ನುವುದರೊಳಗೇ ಇಟ್ಟಿದ್ದೆ. ಕಟ್ಟಲು ಬೇಕಾದ್ದೆಲ್ಲ ಇದೆಯೇ ಅಂತ ನೋಡುವ ಕಾನ್ಫಿಗರ್ ಒಂದು ನಿಮಿಷ ಕೂಡ ಓಡಲಿಲ್ಲ, 'ಅನ್‌ಸೇಫ್' ಅಂತ ಬೈದು ನಿಂತಿತು.

ಕುಶಾಲನಗರದಿಂದ:

ಬೇಜಾರು ಮಾಡ್ಕೋಬೇಡಿ, ಒಂದು ಪ್ರಶ್ನೆ. 5 ಯಾಕೆ ಬೇಕು? ಈಗಿನ ಕನ್ನಡ ಓದುವ ಎಂಜಿನ್ 2018ರಲ್ಲಿ 4ರ ಜೊತೆಗೇ ಬಂದದ್ದು. ಕನ್ನಡದ ಡೇಟಾ ಫೈಲ್ ಎರಡಕ್ಕೂ ಒಂದೇ ನಡೆಯುತ್ತದೆ. 4.1.1 ಹಾಕಿ, ಕನ್ನಡದ ಪ್ಯಾಕೇಜ್ ಸೇರಿಸಿ, ಹತ್ತು ಪುಟ ನೋಡಿ. ಫೋಟೊ ವಾರೆಯಾಗಿದ್ದರೆ, ನೆರಳು ಬಿದ್ದಿದ್ದರೆ 5 ಬಂದರೂ ಉದ್ಧಾರ ಆಗುವುದಿಲ್ಲ. 300 ಡಿಪಿಐ ಸ್ಕ್ಯಾನ್ ಕೊಟ್ಟರೆ 4 ಕೂಡ ಚೆನ್ನಾಗಿ ಓದುತ್ತದೆ. ಇಲ್ಲವಾದರೆ ಮಿಂಟ್ 22ಕ್ಕೆ ಹೋಗಿ. ಅದು ನಿಂತಿರುವುದು ಉಬುಂಟು 24.04ರ ಮೇಲೆ, ಅಲ್ಲಿ 5.3.4 ಸಿದ್ಧವಾಗಿಯೇ ಇದೆ. ಸೋರ್ಸ್ ಅನ್ನುವುದು ಬೇರೆ ದಾರಿ ಇಲ್ಲದಾಗ ಹಿಡಿಯುವ ದಾರಿ. ಎಲ್ಲರೂ ಒಪ್ಪಲಿಕ್ಕಿಲ್ಲ, ಇರಲಿ.

ಕೇಳಿದವರು:

ಮಡಿಕೇರಿ ಸರ್, ಹೋಮ್‌ಗೆ ಹಾಕಿದ ಮೇಲೆ ಆಟೋಜೆನ್ ಓಡಿತು, ಥ್ಯಾಂಕ್ಸ್. ಕುಶಾಲನಗರದವರು ಹೇಳಿದ್ದು ಸರಿಯೇ ಇರಬಹುದು. ಆದರೆ ಮಿಂಟ್ 22 ಇಳಿಸುವಷ್ಟು ನೆಟ್ ಎಲ್ಲಿಂದ ತರಲಿ? ಎರಡನ್ನೂ ಇಟ್ಟುಕೊಂಡು ಹೋಲಿಸಿ ನೋಡುತ್ತೇನೆ. ಸ್ವಲ್ಪ ಹಠವೂ ಬಂದಿದೆ ಅನ್ನಿ. ಈಗ ಕಾನ್ಫಿಗರ್ 'ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಹೊಸದು ಬೇಕು' ಅಂತ ನಿಂತಿದೆ. ಲೆಪ್ಟೋನಿಕಾ (ಟೆಸೆರಾಕ್ಟ್‌ಗೆ ಚಿತ್ರ ತೆರೆದು ಕೊಡುವ ಲೈಬ್ರರಿ) ಇದೆಯಲ್ಲ! 4.1.1 ಹಾಕಿದಾಗ ಬಂದಿದೆ.

ಗೋಣಿಕೊಪ್ಪದಿಂದ:

ಇದೆ, ಆದರೆ ಓಡಲು ಬೇಕಾದ ಭಾಗ ಮಾತ್ರ ಇದೆ. ಬಿಲ್ಡ್ ಮಾಡಲು ಹೆಡರ್ ಫೈಲುಗಳು ಬೇಕು, ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರಿಗೆ ಹೇಳುವ ಡಾಟ್ ಎಚ್ ಫೈಲುಗಳು. ಡೆಬಿಯನ್, ಉಬುಂಟು, ಮಿಂಟ್‌ನಲ್ಲಿ ಅವು ಬೇರೆ ಪ್ಯಾಕೇಜಿನಲ್ಲಿರುತ್ತವೆ. ಹೆಸರಿನ ಕೊನೆಗೆ 'ಡೆವ್' ಇರುತ್ತದೆ, ಫೆಡೋರಾದಲ್ಲಾದರೆ 'ಡೆವೆಲ್'. ನಿಮಗೆ ಬೇಕಾದ್ದು 'ಲಿಬ್‌ಲೆಪ್ಟೋನಿಕಾ-ಡೆವ್'. ಇನ್ನು ಮುಂದೆ ಯಾವುದೋ ಡಾಟ್ ಎಚ್ ಫೈಲ್ ಇಲ್ಲ ಅಂತ ಮೇಕ್ (ಕೋಡನ್ನು ಕಂಪೈಲ್ ಮಾಡಿಸುವ ಕಮಾಂಡ್) ನಿಂತರೂ ಇದೇ ಕಥೆ. ಯಾವ ಪ್ಯಾಕೇಜಿನಲ್ಲಿದೆ ಅಂತ ಆಪ್ಟ್-ಫೈಲ್ ಹುಡುಕಿ ಕೊಡುತ್ತದೆ.

ಒಂದೊಂದೇ ಹುಡುಕುತ್ತಾ ತಿರುವಿಗೆ ಓಡಾಡುವ ಬದಲು 'ಆಪ್ಟ್ ಬಿಲ್ಡ್-ಡೆಪ್ ಟೆಸೆರಾಕ್ಟ್' ಅಂತ ಕೊಡಿ (ಆಪ್ಟ್ ಅಂದರೆ ಪ್ಯಾಕೇಜ್ ಇಳಿಸಿ ಹಾಕುವ ಕಮಾಂಡ್). 4.1.1 ಕಟ್ಟಲು ಏನೇನು ಬೇಕೋ ಅದೆಲ್ಲ ಒಂದೇ ಸಲ ಬರುತ್ತದೆ. 5ಕ್ಕೂ ಹೆಚ್ಚುಕಡಿಮೆ ಅದೇ ಸಾಕು. ಅದಕ್ಕೆ ಮೊದಲು ಮಿಂಟಿನ ಸಾಫ್ಟ್‌ವೇರ್ ಸೋರ್ಸಸ್‌ಗೆ ಹೋಗಿ, ಸೋರ್ಸ್ ಕೋಡ್ ರೆಪಾಸಿಟರಿ ಅನ್ನುವುದನ್ನು ಆನ್ ಮಾಡಬೇಕು.

ನನ್ನ ಕಥೆ ಕೇಳಿ. ನಾನು ಲೆಪ್ಟೋನಿಕಾವನ್ನೂ ಸೋರ್ಸ್‌ನಿಂದಲೇ ಕಟ್ಟಿದ್ದೆ, ಜಂಬ. ಕಾನ್ಫಿಗರ್ ಸಲೀಸಾಗಿ ಮುಗಿಯಿತು. ಮೇಕ್ ಮುಗಿಯಿತು. ಟೆಸೆರಾಕ್ಟ್ ಕೂಡ ಎದ್ದು ಕೂತಿತು. ಒಂದು ಪಿಎನ್‌ಜಿ ಕೊಟ್ಟೆ. 'ಫಂಕ್ಷನ್ ನಾಟ್ ಪ್ರೆಸೆಂಟ್'. ಜೆಪೆಗ್ ಕೊಟ್ಟೆ, ಅದೇ ಮಾತು. ಎರಡು ದಿನ ಟೆಸೆರಾಕ್ಟನ್ನೇ ಅಳಿಸಿ ಅಳಿಸಿ ಕಟ್ಟಿದೆ. ಕೊನೆಗೆ ನೋಡಿದರೆ ಲೆಪ್ಟೋನಿಕಾ ಕಟ್ಟುವಾಗ ಪಿಎನ್‌ಜಿ, ಜೆಪೆಗ್, ಟಿಫ್ ಇವುಗಳ ಡೆವ್ ಪ್ಯಾಕೇಜ್ ನನ್ನ ಹತ್ತಿರ ಇರಲೇ ಇಲ್ಲ. ಅವು ಕಡ್ಡಾಯ ಅಲ್ಲವಲ್ಲ, ಅದಕ್ಕೆ ಕಾನ್ಫಿಗರ್ ಎರರ್ ಕೊಡದೆ ಸುಮ್ನೆ ಬಿಟ್ಟು ಮುಂದೆ ಹೋಗಿದೆ. ಓಡುವ ಸಾಲುಗಳ ನಡುವೆ ಎಲ್ಲೋ ಒಂದು ಕಡೆ 'ನೋ' ಅಂತ ಹೇಳಿತ್ತು. ನಾನು ಆಗ ಕಾಫಿ ಕುಡಿಯುತ್ತಿದ್ದೆ.

ಹಾಗಾಗಿ ಕಾನ್ಫಿಗರ್ ಯಶಸ್ವಿ ಅಂದರೂ ಒಮ್ಮೆ ಮೇಲಕ್ಕೆ ಹೋಗಿ ಓದಿ. ಟೆಸೆರಾಕ್ಟ್ ಕಟ್ಟಿದ ಮೇಲೆ ಅದರ ವರ್ಷನ್ ಕೇಳಿ. ಲೆಪ್ಟೋನಿಕಾ ಮತ್ತು ಅದರ ಕೆಳಗೆ ಯಾವ ಯಾವ ಚಿತ್ರದ ಲೈಬ್ರರಿ ಸೇರಿದೆ ಅಂತ ಅದೇ ಪಟ್ಟಿ ಕೊಡುತ್ತದೆ. ಅಲ್ಲಿ ಪಿಎನ್‌ಜಿ, ಜೆಪೆಗ್ ಕಾಣಿಸಿದರೆ ಸರಿ.

ಸಿದ್ದಾಪುರದಿಂದ:

ಇನ್ನೊಂದು ಸೇರಿಸಿ. ಕಾನ್ಫಿಗರ್ ಫೈಲಿನಲ್ಲೇ 'ಸಿಂಟ್ಯಾಕ್ಸ್ ಎರರ್' ಅಂತ ಬಂದರೆ ಆ ಸಾಲನ್ನು ತಿದ್ದಲು ಹೋಗಬೇಡಿ. ನಾನು ಬೇರೊಂದು ಪ್ರೋಗ್ರಾಂ ಕಟ್ಟುವಾಗ ಒಂದು ಸಂಜೆ ಪೂರ್ತಿ ಬ್ರಾಕೆಟ್ ಎಣಿಸಿದ್ದೇನೆ. ಆಟೋಜೆನ್ ಓಡಿಸಿದ ಹೊತ್ತಿಗೆ, ಲೈಬ್ರರಿಗಳು ಎಲ್ಲಿವೆ ಅಂತ ಹೇಳುವ ಪಿಕೆಜಿ-ಕಾನ್ಫಿಗ್ ಇರಲಿಲ್ಲ, ಅಷ್ಟೇ. ಅದನ್ನು ಹಾಕಿ, ಆಟೋಜೆನ್‌ನಿಂದ ಮತ್ತೆ ಶುರು ಮಾಡಿ.

ವಿರಾಜಪೇಟೆಯಿಂದ:

ನಮ್ಮ ಕಡೆಯವರಿಗೆ ಮಾತ್ರ ಬರುವ ಒಂದು ಕಾಯಿಲೆ ಹೇಳುತ್ತೇನೆ.

ಆಟಿ ತಿಂಗಳ ಮಳೆ. ಲೈನಿನ ಮೇಲೆ ಮರ ಬಿದ್ದು ವಾರ ಕರೆಂಟಿಲ್ಲ, ನೆಟ್ಟೂ ಇಲ್ಲ. ಕರೆಂಟ್ ಬಂದ ದಿನ ಡೆಸ್ಕ್‌ಟಾಪ್ ಹಾಕಿ, ಮೊದಲೇ ಅರ್ಧ ಕಟ್ಟಿದ್ದ ಪ್ರೋಗ್ರಾಂ ಮುಂದುವರಿಸಿದೆ. ಒಂದು ಫೈಲಿನಲ್ಲಿ ಒಂದು ಸಾಲು ತಿದ್ದಬೇಕಿತ್ತು. ತಿದ್ದಿದೆ, ಮೇಕ್ ಹೊಡೆದೆ. ಏನೂ ಬದಲಾಗಲಿಲ್ಲ. ಮತ್ತೆ ತಿದ್ದಿದೆ. ಮತ್ತೆ ಅದೇ ಹಳೇ ಎರರ್. ಮೂರನೇ ಸಲ ಬೇಕೆಂತಲೇ ಫೈಲಿನಲ್ಲಿ ಅಸಂಬದ್ಧ ಅಕ್ಷರ ತುಂಬಿದೆ, ಕಂಪೈಲ್ ಬಿದ್ದೇ ಹೋಗಬೇಕು ಅಂತ. ಬೀಳಲಿಲ್ಲ! ಮೇಕ್ ಆ ಫೈಲನ್ನು ಮುಟ್ಟುತ್ತಲೇ ಇಲ್ಲ.

ಆಮೇಲೆ ಕಂಡಿತು, 'ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್' ಅನ್ನುವ ಸಾಲು. ಅದು ಮೊದಲಿನಿಂದಲೂ ಬರುತ್ತಿತ್ತು. ವಾರ್ನಿಂಗ್ ತಾನೇ ಅಂತ ಬಿಟ್ಟಿದ್ದೆ. ಮೂಲೆಯ ಗಡಿಯಾರ ನೋಡಿದರೆ ಎಂಟು ದಿನ ಹಿಂದಿದೆ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದರೆ ಟೈಮ್ ನೆನಪಿರುವುದಿಲ್ಲ, ನೆಟ್ ಇಲ್ಲದೆ ಸರಿ ಮಾಡಿಕೊಳ್ಳುವುದೂ ಇಲ್ಲ. ಮೇಕ್‌ಗೆ ಗೊತ್ತಿರುವುದು ಒಂದೇ ಲೆಕ್ಕ: ಸೋರ್ಸ್ ಫೈಲಿನ ತಾರೀಖು ಆಬ್ಜೆಕ್ಟ್ ಫೈಲಿನದ್ದಕ್ಕಿಂತ (ಅದನ್ನು ಕಂಪೈಲ್ ಮಾಡಿದಾಗ ಬಂದ ಫೈಲ್) ಹೊಸದಾಗಿದ್ದರೆ ಮತ್ತೆ ಕಂಪೈಲ್, ಇಲ್ಲದಿದ್ದರೆ ಬಿಡು. ನಾನು ಈಗ ತಿದ್ದಿದ ಫೈಲ್ ಅದರ ಲೆಕ್ಕದಲ್ಲಿ ಹೋದ ವಾರದ್ದು.

ಫೋನ್ ನೋಡಿ ಟೈಮ್ ಸರಿ ಮಾಡಿದೆ, ಹಿಂದೆ ಕಂಪೈಲ್ ಆದದ್ದನ್ನೆಲ್ಲ ಅಳಿಸುವ ಮೇಕ್ ಕ್ಲೀನ್ ಕೊಟ್ಟೆ, ಮೊದಲಿಂದ ಕಟ್ಟಿದೆ. ಆಯಿತು. ಸಿಆರ್ 2032 ಅಂತ ಕೇಳಿದರೆ ವಾಚ್ ರಿಪೇರಿ ಅಂಗಡಿಯಲ್ಲೇ ಆ ಬಿಲ್ಲೆ ಸಿಗುತ್ತದೆ. ತಾರೀಖು ಹಿಂದಿದ್ದರೆ ಆಪ್ಟ್ ಅಪ್‌ಡೇಟ್ ಕೂಡ 'ಇದಿನ್ನೂ ಜಾರಿಗೆ ಬಂದಿಲ್ಲ' ಅಂತ ರಗಳೆ ಮಾಡುತ್ತದೆ. ಹಾಗೆ ಬಂದರೆ ಸರ್ವರಿಗೆ ಬೈಯುವ ಮುಂಚೆ ಗಡಿಯಾರ ನೋಡಿ.

ಕಂಪೈಲ್ ನಡೆಯುವಾಗಲೇ ಕರೆಂಟ್ ಹೋದರೂ ಮೇಕ್ ಕ್ಲೀನ್ ಒಳ್ಳೆಯದು. ಅರ್ಧ ಬರೆದ ಆಬ್ಜೆಕ್ಟ್ ಫೈಲ್ ಉಳಿದಿರುತ್ತದೆ. ತಾರೀಖು ಹೊಸದು, ಒಳಗೆ ಟೊಳ್ಳು. ಮೇಕ್ ಅದನ್ನು ಮುಗಿದದ್ದು ಅಂತಲೇ ನಂಬುತ್ತದೆ, ಕೊನೆಗೆ ಲಿಂಕ್ ಮಾಡುವಾಗ 'ಫೈಲ್ ಫಾರ್ಮ್ಯಾಟ್ ಗೊತ್ತಾಗುತ್ತಿಲ್ಲ' ಅನ್ನುತ್ತದೆ.

ನಾಪೋಕ್ಲಿನಿಂದ:

4 ಜಿಬಿ ರ‍್ಯಾಮ್ ಅಂದಿರಿ. ಮೇಕ್‌ಗೆ ಜೆ 8 (ಒಟ್ಟಿಗೆ ಎಂಟು ಕೆಲಸ ಮಾಡು) ಅಂತೆಲ್ಲ ಕೊಡಬೇಡಿ. ಒಂದೇ ಪಲ್ಪರ್‌ಗೆ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಎಂಟು ಜನ ಒಟ್ಟಿಗೆ ಹಣ್ಣು ಸುರಿದ ಹಾಗೆ ಆಗುತ್ತದೆ. ನನ್ನದು 'ಕಿಲ್ಡ್' ಅಂತ ಒಂದೇ ಮಾತು ಹೇಳಿ ಸತ್ತಿತು. ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂತಿದ್ದೆ. ಕರ್ನೆಲ್ಲಿನ ಸಂದೇಶ ತೋರಿಸುವ ಡಿಮೆಸೇಜ್ ನೋಡಿದರೆ ಮೆಮೊರಿ ಮುಗಿದು ಕರ್ನೆಲ್ಲೇ ಕಂಪೈಲರನ್ನು ಕೊಂದಿದೆ. ಜೆ 2 ಸಾಕು. ಆಗಲೂ ಬಿದ್ದರೆ ಜೆ 1 ಮಾಡಿ, 2 ಜಿಬಿ ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಸೇರಿಸಿ.

ಜೆ ಜಾಸ್ತಿ ಇದ್ದಾಗ ಇನ್ನೊಂದು ಕಷ್ಟ ಇದೆ. ಒಂದು ಕಡೆ ಎರರ್ ಬಂದ ಮೇಲೂ ಉಳಿದವು ಸ್ವಲ್ಪ ಹೊತ್ತು ಮಾತಾಡುತ್ತಲೇ ಇರುತ್ತವೆ. ನಿಜವಾದ ಎರರ್ ಮೇಲೆಲ್ಲೋ ಹೋಗಿರುತ್ತದೆ. ಕೊನೆಯ ಸಾಲು ಬರೀ 'ಎರರ್ 2'. ಜನ ಅದರ ಫೋಟೊ ಹಾಕಿ 'ಏನಿದು' ಅಂತ ಕೇಳುತ್ತಾರೆ. ಅದು ಸಾವಿನ ಸುದ್ದಿ ಅಷ್ಟೇ, ಕಾರಣ ಅದರಲ್ಲಿಲ್ಲ. ಔಟ್‌ಪುಟ್ಟನ್ನು ಟೀ ಕಮಾಂಡಿಗೆ ಕೊಟ್ಟು ಫೈಲಿಗೆ ಉಳಿಸಿ, ಮೇಲಿನಿಂದ ಮೊದಲ ಎರರ್ ಹುಡುಕಿ. ಕಾಫಿ ಜಿಲ್ಲೆಯಲ್ಲಿ ಕೂತು ಟೀ ಹೊಗಳುತ್ತಿದ್ದೇನೆ, ಕ್ಷಮಿಸಿ. ಕಾನ್ಫಿಗರ್ ಬಿದ್ದರೆ ಅದೇ ಫೋಲ್ಡರಿನಲ್ಲಿ ಕಾನ್ಫಿಗ್ ಡಾಟ್ ಲಾಗ್ ಇರುತ್ತದೆ, ಅದರಲ್ಲಿ ಹುಡುಕಿ.

ಪೊನ್ನಂಪೇಟೆಯಿಂದ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಅಕ್ಕ:

ಕಟ್ಟಿದ ಮೇಲೆ ಎಲ್ಲಿ ಹಾಕುತ್ತೀರಿ ಅನ್ನುವುದನ್ನು ಯಾರೂ ಹೇಳಲಿಲ್ಲ. ಏನೂ ಹೇಳದಿದ್ದರೆ ಅದು ಯುಎಸ್‌ಆರ್ ಒಳಗಿನ ಲೋಕಲ್‌ಗೆ ಹೋಗುತ್ತದೆ. ಅದು ಒಳ್ಳೆಯ ಜಾಗ, ನಿಮ್ಮದೇ ಜಾಗ. ನಾನು ಮಾತ್ರ ಅಚ್ಚುಕಟ್ಟಾಗಿರಲಿ ಅಂತ ಪ್ರಿಫಿಕ್ಸ್ (ಎಲ್ಲಿ ಹಾಕಬೇಕು ಅನ್ನುವ ಜಾಗ) ಕೊಡುವಾಗ ಲೋಕಲ್ ತೆಗೆದು ಬರೀ ಯುಎಸ್‌ಆರ್ ಅಂತ ಕೊಟ್ಟೆ. ಸಿಸ್ಟಮ್ಮಿನ ಸ್ವಂತ ಲೈಬ್ರರಿಯ ಮೇಲೇ ನನ್ನದು ಕೂತಿತು. ಆಪ್ಟ್‌ಗೆ ಇದು ಗೊತ್ತೇ ಇಲ್ಲ. ಮುಂದಿನ ಅಪ್‌ಡೇಟ್ ಬಂದಾಗ ಅರ್ಧ ಅದರದ್ದು, ಅರ್ಧ ನನ್ನದು. ಲ್ಯಾಬಿನ ಆ ಮಷೀನ್ ಪೂರ್ತಿ ಮತ್ತೆ ಹಾಕಬೇಕಾಯಿತು.

ಮತ್ತೆ, ಇನ್‌ಸ್ಟಾಲ್ ಆಯಿತು ಅಂತ ಬಿಲ್ಡ್ ಫೋಲ್ಡರ್ ಅಳಿಸಬೇಡಿ. ತೆಗೆಯಬೇಕು ಅನ್ನಿಸಿದ ದಿನ 'ಮೇಕ್ ಅನ್‌ಇನ್‌ಸ್ಟಾಲ್' ಕೊಡಲು ಅದು ಬೇಕು. ಜಾಗ ಉಳಿಸಲು ಅಳಿಸಿ, ಆಮೇಲೆ ಒಂದೊಂದೇ ಫೈಲ್ ಹುಡುಕಿ ತೆಗೆಯುವುದು ಕಳೆ ಕೀಳುವ ಕೆಲಸಕ್ಕಿಂತ ಕಷ್ಟ.

ಬೆಂಗಳೂರಿನಲ್ಲಿರುವ, ಭಾಗಮಂಡಲ ಕಡೆಯವರು:

ನೆಟ್ ಇಲ್ಲದವರಿಗೆ ಒಂದು ಉಪಾಯ. ಆಪ್ಟ್-ಗೆಟ್ ಇನ್‌ಸ್ಟಾಲ್‌ಗೆ 'ಪ್ರಿಂಟ್-ಯುಆರ್‌ಐಸ್' ಅನ್ನುವ ಆಪ್ಷನ್ ಇದೆ. ಏನೂ ಇಳಿಸದೆ, ಬೇಕಾದ ಎಲ್ಲ ಡೆಬ್ (ಪ್ಯಾಕೇಜ್) ಫೈಲುಗಳ ವಿಳಾಸ ಮಾತ್ರ ಕೊಡುತ್ತದೆ. ಆ ಪಟ್ಟಿ ಪೆನ್‌ಡ್ರೈವ್‌ಗೆ ಹಾಕಿ ಪೇಟೆಗೆ ಒಯ್ಯಿರಿ, ಇಳಿಸಿ ತನ್ನಿ. ಆಪ್ಟಿನ ಕ್ಯಾಶ್ ಒಳಗಿನ ಆರ್ಕೈವ್ಸ್ ಫೋಲ್ಡರಿಗೆ ಸುರಿದು ಇನ್‌ಸ್ಟಾಲ್ ಕೊಟ್ಟರೆ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಅಪ್ಪನ ಮನೆಯ ಕಂಪ್ಯೂಟರಿಗೆ ನಾನು ಹೀಗೇ ಮಾಡುವುದು.

ಕೇಳಿದವರು:

ಭಾನುವಾರ ಪಟ್ಟಿ ಹಿಡಿದು ಕುಶಾಲನಗರಕ್ಕೆ ಹೋಗಿ ಬಂದೆ. ಜೆ 2 ಹಾಕಿದೆ. ಮಧ್ಯೆ ಒಮ್ಮೆ ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಬ್ಯಾಟರಿ ಕೈಹಿಡಿಯಿತು. ಇನ್‌ಸ್ಟಾಲ್ ಕೂಡ ಆಯಿತು. ಓಡಿಸಿದರೆ 'ಲಿಬ್‌ಟೆಸೆರಾಕ್ಟ್ ಡಾಟ್ ಎಸ್‌ಒ ಡಾಟ್ 5 ತೆರೆಯಲಾಗುತ್ತಿಲ್ಲ'. ಫೈಲ್ ಅಲ್ಲೇ ಇದೆ!

ಮಡಿಕೇರಿಯಿಂದ:

ಸುಡೋ ಎಲ್‌ಡಿಕಾನ್ಫಿಗ್. ಒಂದೇ ಸಲ. ಹೊಸ ಲೈಬ್ರರಿ ಬಂದದ್ದು ಲೋಡರಿನ (ಓಡಿಸುವಾಗ ಲೈಬ್ರರಿ ಹುಡುಕಿ ಕೊಡುವ ಭಾಗ) ಪಟ್ಟಿಗೆ ಇನ್ನೂ ಸೇರಿಲ್ಲ.

ಕೇಳಿದವರು:

ಆಯಿತು! ಆದರೆ ವರ್ಷನ್ ಕೇಳಿದರೆ ಈ ಟರ್ಮಿನಲ್‌ನಲ್ಲಿ 4.1.1 ಅನ್ನುತ್ತದೆ, ಹೊಸ ಟರ್ಮಿನಲ್‌ನಲ್ಲಿ 5.

ಸಿದ್ದಾಪುರದಿಂದ:

ಬ್ಯಾಶ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಹಳೇ ದಾರಿಯನ್ನು ನೆನಪಿಟ್ಟುಕೊಂಡಿದೆ. 'ಹ್ಯಾಶ್ ಹೈಫನ್ ಆರ್' ಕೊಟ್ಟರೆ ಮರೆಯುತ್ತದೆ. ಎರಡೂ ಎಲ್ಲೆಲ್ಲಿವೆ ಅಂತ 'ಟೈಪ್ ಹೈಫನ್ ಎ' ತೋರಿಸುತ್ತದೆ. ಮುಂದಿನ ಎರರ್ ಈಗಲೇ ಹೇಳುತ್ತೇನೆ, ಕನ್ನಡದ ಡೇಟಾ ಫೈಲ್ ಸಿಗಲಿಲ್ಲ ಅನ್ನುತ್ತದೆ. ಹೊಸದು ಲೋಕಲ್ ಒಳಗಿನ ಶೇರ್, ಟೆಸ್‌ಡೇಟಾದಲ್ಲಿ ಹುಡುಕುತ್ತದೆ, ನಿಮ್ಮ ಕನ್ನಡ ಫೈಲ್ ಆಪ್ಟ್ ಇಟ್ಟ ಜಾಗದಲ್ಲಿದೆ. ಕಾಪಿ ಮಾಡಿ. ಇಂಗ್ಲಿಷಿನದ್ದನ್ನೂ ಜೊತೆಗೇ ಮಾಡಿ.

ಕೇಳಿದವರು:

ಅದೇ ಎರರ್ ಬಂತು, ನಗು ಬಂತು. ಕಾಪಿ ಮಾಡಿದೆ, ಓಡಿತು.

ಒಂದೇ ಪುಟವನ್ನು 4ಕ್ಕೂ 5ಕ್ಕೂ ಕೊಟ್ಟು ನೋಡಿದೆ. ಕುಶಾಲನಗರದವರೇ, ನೀವು ಗೆದ್ದಿರಿ. ಶುದ್ಧ ಪುಟದಲ್ಲಿ ವ್ಯತ್ಯಾಸ ಹೇಳಿಕೊಳ್ಳುವಷ್ಟಿಲ್ಲ, ಬೂಷ್ಟು ಹಿಡಿದ ಪುಟ ಎರಡಕ್ಕೂ ಆಗುವುದಿಲ್ಲ. ಎರಡೂ 'ಏಲಕ್ಕಿ'ಯನ್ನು 'ಎಲಕ್ಕಿ' ಅಂತಲೇ ಓದುತ್ತವೆ. ಒತ್ತಕ್ಷರ ಸವೆದಿದ್ದ ಕಡೆ ಮನಸ್ಸಿಗೆ ಬಂದದ್ದು ಹಾಕುತ್ತವೆ. ಫೋಟೊ ಬಿಟ್ಟು ಸ್ಕ್ಯಾನರ್ ಹುಡುಕುತ್ತಿದ್ದೇನೆ. ಸೋಮವಾರಪೇಟೆ ಕಡೆ ಯಾರ ಹತ್ತಿರವಾದರೂ ಇದ್ದರೆ ಹೇಳಿ.

ಅಕ್ಕ, ಬಿಲ್ಡ್ ಫೋಲ್ಡರ್ ಹಾಗೇ ಇಟ್ಟಿದ್ದೇನೆ.